ಐಸೊಲೇಟರ್ ಸ್ವಿಚ್: ಆರಿಸುವುದು, ಅಳವಡಿಸುವುದು, ಬೀಗ ಹಾಕಿ ಕೆಲಸ ಮಾಡುವುದು

ಸ್ಟಾಪ್ ಬಟನ್ ಒತ್ತಿದರೆ ಮೋಟರ್ ನಿಲ್ಲುತ್ತದೆ. ನಿಂತ ಮೋಟರ್‌ನ ಟರ್ಮಿನಲ್ ಬಾಕ್ಸಿನಲ್ಲಿ ಕರೆಂಟ್ ಇಲ್ಲ ಎನ್ನುವುದಕ್ಕೆ ಅದು ಪುರಾವೆಯಲ್ಲ. ಬಟನ್ ಒತ್ತಿದಾಗ ಕಾಂಟ್ಯಾಕ್ಟರ್‌ನ (ಮೋಟರ್‌ಗೆ ಕರೆಂಟ್ ಕೊಡುವ ವಿದ್ಯುತ್ಕಾಂತದ ಸ್ವಿಚ್) ಕಾಯಿಲ್‌ಗೆ ಸಪ್ಲೈ ತಪ್ಪುತ್ತದೆ, ಸ್ಪ್ರಿಂಗ್ ಕಾಂಟ್ಯಾಕ್ಟ್‌ಗಳನ್ನು ಬಿಡಿಸುತ್ತದೆ, ಅಷ್ಟೇ. ಮೂರು ಕಾಂಟ್ಯಾಕ್ಟ್‌ಗಳಲ್ಲಿ ಒಂದು ಕಾದು ಅಂಟಿಕೊಂಡಿದ್ದರೂ ಮೋಟರ್ ನಿಂತೇ ಇರುತ್ತದೆ, ಆದರೆ ಬಾಕ್ಸ್ ಬಿಚ್ಚಿದವರ ಬೆರಳಿಗೆ 415 ವೋಲ್ಟ್ ಸಪ್ಲೈನಲ್ಲಿ ಫೇಸ್‌ನಿಂದ ಅರ್ಥ್‌ಗೆ 240 ವೋಲ್ಟ್ ಕಾದಿರುತ್ತದೆ. ಅಂಟಿಕೊಂಡಿಲ್ಲ ಎಂದೇ ಇಟ್ಟುಕೊಳ್ಳಿ, ದೂರದ ಕಂಟ್ರೋಲ್ ರೂಮಿನಿಂದ ಯಾರೋ ಸ್ಟಾರ್ಟ್ ಕೊಟ್ಟರೆ, ಇಲ್ಲವೇ ಟ್ಯಾಂಕಿನ ಫ್ಲೋಟ್ ತಾನಾಗಿ ಪಂಪ್ ಎಬ್ಬಿಸಿದರೆ ಏನು ಮಾಡುತ್ತೀರಿ?

ಐಸೊಲೇಟರ್ ಇರುವುದು ಇದಕ್ಕೆ. ಅದು ಯಂತ್ರ ನಿಲ್ಲಿಸುವ ಸ್ವಿಚ್ ಅಲ್ಲ, ಯಂತ್ರದೊಳಗೆ ಕೈ ಹಾಕುವವರ ಸ್ವಿಚ್. ಅದರಿಂದ ಮೂರು ಕೆಲಸ ಆಗಲೇಬೇಕು. ಎಲ್ಲ ಫೇಸ್‌ಗಳೂ ಒಟ್ಟಿಗೆ ಬಿಡಬೇಕು, ನಡುವೆ ಸಾಕಷ್ಟು ಗಾಳಿಯ ಅಂತರ ಉಳಿಯಬೇಕು. ಒಳಗಿನ ಕಾಂಟ್ಯಾಕ್ಟ್ ನಿಜವಾಗಿ ಬಿಟ್ಟ ಮೇಲಷ್ಟೇ ಹ್ಯಾಂಡಲ್ ಆಫ್ ತೋರಿಸಬೇಕು. ಆಫ್ ಸ್ಥಾನದಲ್ಲಿ ಬೀಗ ಹಾಕಲು ಬರಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಮೇಲೆ ಏನೇ ಹೆಸರು ಬರೆದಿರಲಿ, ಅದನ್ನು ನಂಬಿ ಕೆಲಸಕ್ಕೆ ಇಳಿಯಬೇಡಿ.

ಹೆಸರು ಒಂದೇ, ಸ್ವಿಚ್ ಬೇರೆ ಬೇರೆ

ಕಾರ್ಖಾನೆಯಲ್ಲಿ ‘ಐಸೊಲೇಟರ್’ ಅಂದರೆ ಕನಿಷ್ಠ ಎರಡು ಬಗೆಯ ಸಾಧನಗಳನ್ನು ಕರೆಯುತ್ತಾರೆ. ಮೊದಲನೆಯದು ಲೋಡ್ ಇಲ್ಲದಾಗ ಮಾತ್ರ ತೆಗೆಯಬೇಕಾದ ಬರೀ ಐಸೊಲೇಟರ್. ಎರಡನೆಯದು ಲೋಡ್ ಹರಿಯುತ್ತಿರುವಾಗಲೂ ತೆಗೆಯಬಲ್ಲ ಸ್ವಿಚ್ ಡಿಸ್ಕನೆಕ್ಟರ್. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣಬಹುದು. ಗುರುತು ಸ್ವಿಚ್‌ನ ಮೈಮೇಲಿನ ಚಿಹ್ನೆಯಲ್ಲಿದೆ. ಕಾಂಟ್ಯಾಕ್ಟ್‌ನ ಗೆರೆಗೆ ಅಡ್ಡವಾಗಿ ಒಂದು ಗಿಡ್ಡ ಗೆರೆ ಇದ್ದರೆ ಅದು ಐಸೊಲೇಟ್ ಮಾಡುತ್ತದೆ ಎಂದರ್ಥ. ಆ ಅಡ್ಡಗೆರೆಯ ಜೊತೆ ಪುಟ್ಟ ವೃತ್ತವೂ ಇದ್ದರೆ ಲೋಡ್ ಮೇಲೂ ತೆಗೆಯಬಹುದು. ಗುಣಾಕಾರದ ಗುರುತು ಇದ್ದರೆ ಬ್ರೇಕರ್. ಕೆಲವು ಬ್ರೇಕರ್‌ಗಳ ಮೇಲೆ ಗುಣಾಕಾರದ ಜೊತೆ ಅಡ್ಡಗೆರೆಯೂ ಇರುತ್ತದೆ. ಅವನ್ನು ಐಸೊಲೇಷನ್‌ಗೂ ಬಳಸಬಹುದು, ಬೀಗದ ಕ್ಲಿಪ್ ಹಾಕಿಕೊಳ್ಳಬೇಕು.

ಲೋಡ್ ಮೇಲೆ ತೆಗೆದರೆ ಏನಾಗುತ್ತದೆ ಎಂಬುದು ಸ್ಪಷ್ಟವಿರಲಿ. ಕಾಂಟ್ಯಾಕ್ಟ್‌ಗಳು ದೂರವಾಗುತ್ತಿದ್ದಂತೆ ನಡುವೆ ಆರ್ಕ್ ಹುಟ್ಟುತ್ತದೆ. 50 ಹರ್ಟ್ಸ್ ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಆರ್ಕ್ ಆರಲು ಅವಕಾಶವಿದೆ, ಆದರೆ ಅಷ್ಟರೊಳಗೆ ಅಂತರ ಬೇಗ ಹಿಗ್ಗಿರಬೇಕು. ಅದಕ್ಕೇ ಸ್ವಿಚ್ ಡಿಸ್ಕನೆಕ್ಟರ್‌ನಲ್ಲಿ, ಅಂದರೆ ಲೋಡ್ ಬ್ರೇಕ್ ಸ್ವಿಚ್‌ನಲ್ಲಿ ಸ್ಪ್ರಿಂಗ್ ಇರುತ್ತದೆ. ಕೈ ಎಷ್ಟು ನಿಧಾನ ತಿರುಗಿಸಿದರೂ ಒಂದು ಹಂತ ದಾಟಿದ ಮೇಲೆ ಕಾಂಟ್ಯಾಕ್ಟ್ ತಾನೇ ಟಪ್ಪನೆ ಹಾರುತ್ತದೆ. ಸ್ಪ್ರಿಂಗ್ ಇಲ್ಲದ ಸ್ವಿಚ್‌ನಲ್ಲಿ ವೇಗ ನಿಮ್ಮ ಕೈಯದ್ದು. ಅಳುಕಿ ಅರ್ಧಕ್ಕೆ ನಿಲ್ಲಿಸಿದರೆ ಆರ್ಕ್ ಅಲ್ಲೇ ನಿಂತು, ಕಾಂಟ್ಯಾಕ್ಟ್ ಕರಗಿ, ಪಕ್ಕದ ಫೇಸ್‌ಗೂ ಹಾರಬಹುದು.

ಡಿಸಿಯಲ್ಲಿ ಸೊನ್ನೆಗೆ ಬರುವ ಗಳಿಗೆಯೇ ಇಲ್ಲ. ಸೋಲಾರ್ ಪ್ಯಾನೆಲ್ ಸಾಲಿಗೋ ಬ್ಯಾಟರಿ ಬ್ಯಾಂಕಿಗೋ ಎಸಿ ಐಸೊಲೇಟರ್ ಹಾಕುವುದು ಬೆಂಕಿಗೆ ದಾರಿ. ಡಿಸಿಗೆಂದೇ ಗುರುತಿಸಿದ ಸ್ವಿಚ್ ತನ್ನಿ. ಪೋಲ್‌ಗಳನ್ನು (ಒಂದೊಂದು ವೈರ್ ಕಡಿಯುವ ಕಾಂಟ್ಯಾಕ್ಟ್ ಜೋಡಿ) ಸರಣಿಯಲ್ಲಿ ಹೇಗೆ ಜೋಡಿಸಬೇಕು, ಧನ–ಋಣ ಎಲ್ಲಿ ಬರಬೇಕು ಎಂಬ ತಯಾರಕರ ಚಿತ್ರವನ್ನು ಅಕ್ಷರಶಃ ಪಾಲಿಸಿ.

ಸರಿಯಾದದ್ದನ್ನು ಆರಿಸುವುದು

ಇಲ್ಲಿ ಆಗುವ ದೊಡ್ಡ ತಪ್ಪು ಆಂಪಿಯರ್ ಮಾತ್ರ ನೋಡಿ ಕೊಳ್ಳುವುದು. ‘40 ಆಂಪಿಯರ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ಇರುವುದು ನಿಜವಾದ ವಿಷಯ: ಬಳಕೆಯ ವರ್ಗ. ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆಯಾದ ಐಇಸಿಯ 60947-3 ಎಂಬ ಮಾನದಂಡ ಈ ವರ್ಗಗಳನ್ನು ಹೇಳುತ್ತದೆ.

ಎಸಿ-20 ಅಂದರೆ ಲೋಡ್ ಇಲ್ಲದಾಗ ಮಾತ್ರ. ಎಸಿ-21 ಹೀಟರ್‌ನಂಥ ಲೋಡ್‌ಗೆ. ಬರೆದ ಕರೆಂಟಿನ ಒಂದೂವರೆ ಪಟ್ಟಿನವರೆಗೆ ತೆಗೆದು ಹಾಕಬಲ್ಲದು. ಎಸಿ-22 ಮಿಶ್ರ ಲೋಡ್‌ಗೆ, ಮೂರು ಪಟ್ಟು. ಎಸಿ-23 ಮೋಟರ್‌ಗೆ, ಹಾಕುವಾಗ ಹತ್ತು ಪಟ್ಟು, ತೆಗೆಯುವಾಗ ಎಂಟು ಪಟ್ಟು ಕರೆಂಟ್ ತಡೆಯಬೇಕು. ಕೊನೆಯ ಅಕ್ಷರ ‘ಎ’ ಇದ್ದರೆ ಪದೇಪದೇ ಬಳಸಲು, ‘ಬಿ’ ಇದ್ದರೆ ಅಪರೂಪಕ್ಕೆ. ಒಂದೇ ಸ್ವಿಚ್‌ನ ಮೈಮೇಲೆ ಎಸಿ-21ಎ ಸಾಲಿನಲ್ಲಿ 40 ಆಂಪಿಯರ್ ಇದ್ದು, ಎಸಿ-23ಎ ಸಾಲಿನಲ್ಲಿ ಅದಕ್ಕಿಂತ ಕಡಿಮೆ ಇರಬಹುದು. ಮೋಟರ್ ಇದ್ದಲ್ಲಿ ಓದಬೇಕಾದದ್ದು ಎರಡನೆಯ ಅಂಕಿ.

ಒಂದು ಲೆಕ್ಕ ಮಾಡಿ ನೋಡೋಣ. 15 ಕಿಲೋವ್ಯಾಟ್ ಮೋಟರ್, 415 ವೋಲ್ಟ್, ದಕ್ಷತೆ 0.9, ಪವರ್ ಫ್ಯಾಕ್ಟರ್ 0.83. ಪೂರ್ಣ ಲೋಡ್ ಕರೆಂಟ್ ಸುಮಾರು 28 ಆಂಪಿಯರ್. ಶಾಫ್ಟ್ ಜಾಮ್ ಆಗಿ ಮೋಟರ್ ತಿರುಗದೆ ನಿಂತರೆ ಅದು ಏಳು ಪಟ್ಟು ಎಳೆಯುತ್ತದೆ ಎಂದುಕೊಳ್ಳಿ: 196 ಆಂಪಿಯರ್. 32 ಆಂಪಿಯರ್ ಎಸಿ-23ಎ ಸ್ವಿಚ್ ಎಂಟು ಪಟ್ಟು, ಅಂದರೆ 256 ಆಂಪಿಯರ್ ತೆಗೆಯಬಲ್ಲದು. ಸಾಕು. ಅದೇ 32 ಆಂಪಿಯರ್ ಎಸಿ-21 ಸ್ವಿಚ್ ಆದರೆ ತೆಗೆಯಬಲ್ಲದ್ದು 48 ಆಂಪಿಯರ್. ದಿನನಿತ್ಯ ಅದು ತಣ್ಣಗೆ ಕೆಲಸ ಮಾಡುತ್ತದೆ. ಜಾಮ್ ಆದ ದಿನ ಗಾಬರಿಯಲ್ಲಿ ತಿರುಗಿಸಿದವರ ಕೈಯಲ್ಲಿ ಸಿಡಿಯುತ್ತದೆ.

ಇಡೀ ಯಂತ್ರಕ್ಕೆ ಒಂದೇ ಮೇನ್ ಐಸೊಲೇಟರ್ ಇದ್ದರೆ ಯಂತ್ರಗಳ ವಿದ್ಯುತ್ ಸುರಕ್ಷತೆಯ ಐಇಸಿ 60204-1 ಹೇಳುವ ಸೂತ್ರ ಇದು: ಅತಿ ದೊಡ್ಡ ಮೋಟರ್ ಜಾಮ್ ಆದಾಗಿನ ಕರೆಂಟ್, ಅದಕ್ಕೆ ಉಳಿದೆಲ್ಲ ಲೋಡ್‌ಗಳ ಮಾಮೂಲಿ ಕರೆಂಟ್ ಕೂಡಿಸಿ. ಮೇಲಿನ ಮೋಟರ್ ಜೊತೆ 14 ಆಂಪಿಯರಿನ ಎರಡು ಮೋಟರ್, 10 ಆಂಪಿಯರಿನ ಇತರ ಲೋಡ್ ಇದ್ದರೆ ಮೊತ್ತ 234 ಆಂಪಿಯರ್. ತೆಗೆಯುವ ಸಾಮರ್ಥ್ಯ ನೋಡಿದರೆ 32 ಆಂಪಿಯರ್ ಸ್ವಿಚ್ಚೇ ಸಾಕೆನಿಸುತ್ತದೆ. ಆದರೆ ಸದಾ ಹರಿಯುವ ಕರೆಂಟ್ 66 ಆಂಪಿಯರ್, ಹಾಗಾಗಿ 63 ಕೂಡ ಸಾಲದು, 80 ಬೇಕು. ಎರಡೂ ಲೆಕ್ಕ ಮಾಡಿ, ದೊಡ್ಡದನ್ನು ಹಿಡಿಯಿರಿ.

ಕ್ಯಾಟಲಾಗಿನಲ್ಲಿ ಬಯಲು ಗಾಳಿಯಲ್ಲಿ ತಾಳುವ ಕರೆಂಟ್ ಬೇರೆ, ಪೆಟ್ಟಿಗೆಯೊಳಗೆ ತಾಳುವ ಕರೆಂಟ್ ಬೇರೆ ಇರುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಬಾಯ್ಲರ್ ಪಕ್ಕದ ಬಿಸಿಯಲ್ಲಿ ಕೂತ ಸ್ವಿಚ್‌ಗೆ ಎರಡನೆಯ ಅಂಕಿಯೇ ಲಾಗೂ.

ಐಸೊಲೇಟರ್ ಯಾವುದನ್ನೂ ಟ್ರಿಪ್ ಮಾಡುವುದಿಲ್ಲ. ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್ ಎರಡನ್ನೂ ಸಪ್ಲೈ ಬರುವ ಕಡೆ ಅದರ ಹಿಂದಿರುವ ಫ್ಯೂಸ್ ಅಥವಾ ಬ್ರೇಕರ್ ನೋಡಿಕೊಳ್ಳಬೇಕು. ‘ಇಂತಿಷ್ಟು ಆಂಪಿಯರ್ ಫ್ಯೂಸ್ ಹಿಂದಿದ್ದರೆ ಇಷ್ಟು ಕಿಲೋ ಆಂಪಿಯರ್ ಶಾರ್ಟ್ ತಾಳುತ್ತದೆ’ ಎಂದು ಪ್ರತಿ ಸ್ವಿಚ್‌ನ ಜೊತೆ ಬರೆದಿರುತ್ತದೆ. ಅಲ್ಲಿ ಹೇಳಿದ್ದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ ಆ ಭರವಸೆ ಅಲ್ಲಿಗೆ ಮುಗಿಯಿತು.

ಪೋಲ್ ಎಷ್ಟು ಎನ್ನುವಲ್ಲಿ ಒಂದು ಅಪಾಯ ಪದೇಪದೇ ಕಾಣುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಿಂದ ಮೋಟರ್‌ಗೆ ಆರು ವೈರ್ ಹೋಗುತ್ತವೆ. ಮೋಟರ್ ಪಕ್ಕ ಮೂರು ಪೋಲ್‌ನ ಐಸೊಲೇಟರ್ ಹಾಕಿದರೆ ಮೂರು ವೈರ್ ಮಾತ್ರ ಕಡಿತವಾಗುತ್ತವೆ, ಉಳಿದ ಮೂರರಲ್ಲಿ ಕರೆಂಟ್ ಉಳಿಯಬಹುದು. ಇಲ್ಲಿ ಆರು ಪೋಲ್ ಬೇಕು, ಇಲ್ಲವೇ ಸ್ಟಾರ್ಟರ್‌ನ ಹಿಂದೆ, ಮೂರು ವೈರ್ ಇರುವ ಕಡೆ ಐಸೊಲೇಟರ್ ಹಾಕಬೇಕು. ನ್ಯೂಟ್ರಲ್ ಇರುವ ಲೋಡ್‌ಗೆ ನಾಲ್ಕು ಪೋಲ್ ತಂದರೆ, ನ್ಯೂಟ್ರಲ್ ವೈರ್ ಅದಕ್ಕೆಂದು ಗುರುತಿಸಿದ ಪೋಲ್‌ಗೇ ಹೋಗಲಿ. ಆ ಪೋಲ್ ಹಾಕುವಾಗ ಫೇಸ್‌ಗಿಂತ ಮೊದಲು ಕೂಡಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಉಲ್ಟಾ ಆದರೆ ಆ ಕ್ಷಣಕ್ಕೆ ಸಿಂಗಲ್ ಫೇಸ್ ಸಾಧನಗಳ ಮೇಲೆ ಅತಿ ವೋಲ್ಟೇಜ್ ಬಿದ್ದು ಸುಡುತ್ತವೆ. ಅರ್ಥ್ ವೈರನ್ನು ಯಾವ ಕಾರಣಕ್ಕೂ ಸ್ವಿಚ್ ಮೂಲಕ ಒಯ್ಯಬೇಡಿ.

ಪೆಟ್ಟಿಗೆಯ ವಿಚಾರ ಚಿಕ್ಕದು. ಪೈಪಿನಿಂದ ನೀರು ಹೊಡೆದು ತೊಳೆಯುವ ಜಾಗಕ್ಕೆ ಐಪಿ (ಧೂಳು, ನೀರು ತಡೆಯುವ ಮಟ್ಟ) 65 ಅಥವಾ 66, ಬಿಸಿಲಿಗೆ ಅದನ್ನು ತಾಳುವ ಪ್ಲಾಸ್ಟಿಕ್ ಅಥವಾ ಲೋಹ, ಸ್ಫೋಟಕ ಅನಿಲ ಅಥವಾ ಧೂಳು ಇರುವಲ್ಲಿ ಆ ವಲಯಕ್ಕೆ ಪ್ರಮಾಣೀಕರಿಸಿದ್ದು ಮಾತ್ರ.

ಅಳವಡಿಸುವ ಹಂತಗಳು

ಜಾಗ ಮೊದಲು ಗೊತ್ತುಮಾಡಿ. ಕೆಲಸ ಮಾಡುವವರ ಕಣ್ಣಳತೆಯಲ್ಲಿ, ಮೋಟರ್ ಹತ್ತಿರ ಇರಬೇಕು. ನಡೆಯುವ ಬೆಲ್ಟ್ ದಾಟಿಯೋ ಏಣಿ ಹತ್ತಿಯೋ ಮುಟ್ಟಬೇಕಾದ ಸ್ವಿಚ್‌ಗೆ ಯಾರೂ ಬೀಗ ಹಾಕಲು ಹೋಗುವುದಿಲ್ಲ. ಯಂತ್ರದ ಮೇನ್ ಐಸೊಲೇಟರ್‌ನ ಹ್ಯಾಂಡಲ್ ನಿಲ್ಲುವ ನೆಲದಿಂದ 0.6 ಮೀಟರ್‌ನಿಂದ 1.9 ಮೀಟರ್ ಎತ್ತರದೊಳಗೆ ಬರಬೇಕು, 1.7 ಮೀಟರ್ ದಾಟದಿದ್ದರೆ ಉತ್ತಮ. ತುರ್ತು ನಿಲುಗಡೆಗೂ ಅದೇ ಸ್ವಿಚ್ ಆದರೆ ಹಳದಿ ಹಿನ್ನೆಲೆಯಲ್ಲಿ ಕೆಂಪು ಹ್ಯಾಂಡಲ್, ಅಲ್ಲದಿದ್ದರೆ ಕಪ್ಪು ಅಥವಾ ಬೂದು. ಚೆಂದಕ್ಕೆಂದು ಎಲ್ಲಕ್ಕೂ ಕೆಂಪು ಹಾಕಿದರೆ ಅವಸರದಲ್ಲಿ ಯಾವುದನ್ನು ತಿರುಗಿಸಬೇಕೆಂದು ತಿಳಿಯುವುದಿಲ್ಲ.

ಕೇಬಲನ್ನು ಆದಷ್ಟು ಪೆಟ್ಟಿಗೆಯ ತಳದಿಂದಲೇ ಒಳಗೆ ತನ್ನಿ. ಮೇಲಿನಿಂದ ಬಂದ ಗ್ಲ್ಯಾಂಡ್‌ನಲ್ಲಿ (ಕೇಬಲ್ ಒಳಬರುವ ತೂತಿನಲ್ಲಿ ಅದನ್ನು ಬಿಗಿಹಿಡಿಯುವ ಭಾಗ) ಸೀಲ್ ಸಡಿಲಾದರೆ ನೀರು ಕೇಬಲ್ ಹಿಡಿದು ನೇರ ಟರ್ಮಿನಲ್‌ಗೆ ಇಳಿಯುತ್ತದೆ. ಗ್ಲ್ಯಾಂಡ್ ಕೇಬಲ್‌ನ ಹೊರವ್ಯಾಸಕ್ಕೆ ಸರಿಹೊಂದಬೇಕು. ಬಳಸದ ತೂತುಗಳನ್ನು ಪ್ಲಗ್‌ನಿಂದ ಮುಚ್ಚಿ, ಟೇಪ್‌ನಿಂದಲ್ಲ. ಪೆಟ್ಟಿಗೆ ಲೋಹದ್ದಾದರೆ ಮೈಗೂ ಬಾಗಿಲಿಗೂ ಅರ್ಥ್ ಕೊಡಿ.

ಮೆದುತಂತಿಯ ಕೇಬಲ್‌ಗೆ ಲಗ್ ಅಥವಾ ಫೆರೂಲ್ (ವೈರ್ ತುದಿಗೆ ಹಾಕುವ ಲೋಹದ ತೊಡಿಗೆ) ಹಾಕಿ ಸರಿಯಾದ ಅಚ್ಚಿನಲ್ಲಿ ಕ್ರಿಂಪ್ ಮಾಡಿ. ಅಲ್ಯೂಮಿನಿಯಂ ಕೇಬಲ್ ತಾಮ್ರದ ಟರ್ಮಿನಲ್‌ಗೆ ಬರುವುದಾದರೆ ಎರಡೂ ಲೋಹ ಸೇರಿಸಿ ಮಾಡಿದ ಬೈಮೆಟಲ್ ಲಗ್ ಬೇಕು. ನೇರ ಬಿಗಿದರೆ ಅಲ್ಯೂಮಿನಿಯಂ ಒತ್ತಡಕ್ಕೆ ಮೆಲ್ಲಗೆ ಹರಡಿಕೊಂಡು ಸ್ಕ್ರೂ ಸಡಿಲಾಗುತ್ತದೆ, ಮೇಲಿನ ಆಕ್ಸೈಡ್ ಪದರ ಕಾಯುತ್ತದೆ. ಸ್ಕ್ರೂ ಬಿಗಿಯಲು ಟಾರ್ಕ್ ಸ್ಕ್ರೂಡ್ರೈವರ್ ಬಳಸಿ, ಸ್ವಿಚ್ ಮೇಲೆ ಮುದ್ರಿಸಿದ ನ್ಯೂಟನ್ ಮೀಟರ್ ಅಂಕಿಗೆ ನಿಲ್ಲಿಸಿ. ಕೈಯಂದಾಜು ಎರಡೂ ಕಡೆ ಕೆಡುತ್ತದೆ: ಕಡಿಮೆಯಾದರೆ ಕಾಯುತ್ತದೆ, ಹೆಚ್ಚಾದರೆ ಎಳೆಗಳು ತುಂಡಾಗುತ್ತವೆ. ಬಿಗಿದ ಮೇಲೆ ಒಂದೊಂದೇ ವೈರ್ ಹಿಡಿದು ಎಳೆದು ನೋಡಿ.

ಪ್ಯಾನೆಲ್ ಬಾಗಿಲಿನ ಮೇಲೆ ಹ್ಯಾಂಡಲ್, ಒಳಗೆ ಸ್ವಿಚ್, ನಡುವೆ ಚೌಕದ ಶಾಫ್ಟ್ ಇರುವ ಮಾದರಿಯಲ್ಲಿ ಸಾವಕಾಶ ಬೇಕು. ಶಾಫ್ಟನ್ನು ಐದಾರು ಮಿಲಿಮೀಟರ್ ಗಿಡ್ಡ ಕತ್ತರಿಸಿದರೆ ಅದು ಹ್ಯಾಂಡಲ್‌ನ ಗುಳಿಯಲ್ಲಿ ತುದಿ ಮಾತ್ರ ಹಿಡಿದಿರುತ್ತದೆ. ಮೊದಮೊದಲು ಸರಿಯಾಗಿಯೇ ತಿರುಗುತ್ತದೆ. ಬಾಗಿಲಿನ ಕೀಲು ಒಂದಿಷ್ಟು ಜೋತ ಮೇಲೆ ಶಾಫ್ಟ್‌ನ ಮೂಲೆ ಸವೆದು, ಹ್ಯಾಂಡಲ್ ಆಫ್‌ಗೆ ಬಂದರೂ ಒಳಗಿನ ಸ್ವಿಚ್ ಆನ್‌ನಲ್ಲೇ ಉಳಿಯುತ್ತದೆ. ಹೊರಗೆ ಆಫ್, ಮೇಲೆ ಬೀಗ, ಒಳಗೆ ಮೂರೂ ಫೇಸ್ ಜೀವಂತ. ಆದ್ದರಿಂದ ತಯಾರಕರ ಅಳತೆಯಂತೆ ಕತ್ತರಿಸಿ, ಶಾಫ್ಟ್ ಮತ್ತು ಹ್ಯಾಂಡಲ್ ಒಂದೇ ನೇರದಲ್ಲಿವೆಯೇ ನೋಡಿ. ಸಪ್ಲೈ ಕೊಡುವ ಮುಂಚೆ ಪ್ರತಿ ಸ್ಥಾನದಲ್ಲೂ ಮಲ್ಟಿಮೀಟರ್‌ನಿಂದ ಪ್ರತಿ ಪೋಲ್‌ನ ಕಂಟಿನ್ಯುಟಿ ನೋಡಿ.

ಕಡೆಯದಾಗಿ ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್. ಫೇಸ್‌ಗಳ ನಡುವೆ, ಫೇಸ್‌ನಿಂದ ಅರ್ಥ್‌ಗೆ ಕನಿಷ್ಠ 1 ಮೆಗಾಓಮ್ ಬರಬೇಕು. ಹೊಸ ವೈರಿಂಗ್‌ನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ. ಬರೀ 2 ಮೆಗಾಓಮ್ ಬಂದರೆ ಪಾಸಾಯಿತೆಂದು ಮುಂದೆ ಹೋಗದೆ ತೇವ ಎಲ್ಲಿದೆ ಹುಡುಕಿ. ವಿಎಫ್‌ಡಿ (ಮೋಟರ್‌ನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್) ಸಂಪರ್ಕ ತೆಗೆಯದೆ ಮೆಗ್ಗರ್ ಹಾಕಬೇಡಿ, ಡ್ರೈವ್ ಹಾಳಾಗುತ್ತದೆ.

ವಿಎಫ್‌ಡಿ ಮತ್ತು ಮೋಟರ್ ನಡುವಿನ ಐಸೊಲೇಟರ್

ಡ್ರೈವ್ ಓಡುತ್ತಿರುವಾಗ ಈ ಐಸೊಲೇಟರ್ ತೆಗೆದರೆ ಮೋಟರ್‌ನ ಇಂಡಕ್ಟೆನ್ಸ್‌ನಿಂದ ವೋಲ್ಟೇಜ್ ಚಿಮ್ಮಿ ಡ್ರೈವ್ ಟ್ರಿಪ್ ಆಗುತ್ತದೆ, ಕೆಲವೊಮ್ಮೆ ಕೆಡುತ್ತದೆ. ಡ್ರೈವ್ ಓಡುತ್ತಿರುವಾಗಲೇ ಮತ್ತೆ ಹಾಕಿದರೆ ಇನ್ನೂ ಕೆಟ್ಟದ್ದು, ನಿಂತ ಮೋಟರ್ ನೇರ ಸಪ್ಲೈ ಸಿಕ್ಕಂತೆ ಕರೆಂಟ್ ಎಳೆಯುತ್ತದೆ. ಪರಿಹಾರ ಸರಳ. ಮುಖ್ಯ ಕಾಂಟ್ಯಾಕ್ಟ್‌ಗಿಂತ ಮೊದಲೇ ಬಿಡುವ ಸಹಾಯಕ ಕಾಂಟ್ಯಾಕ್ಟ್ ಇರುವ ಐಸೊಲೇಟರ್ ತಂದು, ಅದನ್ನು ಡ್ರೈವ್‌ಗೆ ಓಡಲು ಅನುಮತಿ ಕೊಡುವ ಎನೇಬಲ್ ಇನ್‌ಪುಟ್‌ಗೆ ಕೊಡಿ. ಹ್ಯಾಂಡಲ್ ತಿರುಗಲು ಶುರುವಾದ ಕೂಡಲೆ ಡ್ರೈವ್ ತನ್ನ ಔಟ್‌ಪುಟ್ ಮುಚ್ಚುತ್ತದೆ, ಆಮೇಲೆ ಮುಖ್ಯ ಕಾಂಟ್ಯಾಕ್ಟ್ ಬಿಡುತ್ತದೆ. ಮೋಟರ್ ಕೇಬಲ್‌ನ ಶೀಲ್ಡ್ ಐಸೊಲೇಟರ್ ಪೆಟ್ಟಿಗೆಯಲ್ಲಿ ತುಂಡಾಗದಂತೆ ಲೋಹದ ಪೆಟ್ಟಿಗೆ, ಲೋಹದ ಗ್ಲ್ಯಾಂಡ್ ಬಳಸಿ. ಇಲ್ಲದಿದ್ದರೆ ಪಕ್ಕದ ಸೆನ್ಸರ್‌ಗಳ ರೀಡಿಂಗ್ ಕುಣಿಯಲು ಶುರುವಾಗುತ್ತದೆ.

ಬೀಗ ಹಾಕಿ ಕೆಲಸ ಮಾಡುವ ಕ್ರಮ

1. ಯಂತ್ರಕ್ಕೆ ಎಲ್ಲೆಲ್ಲಿಂದ ಸಪ್ಲೈ ಬರುತ್ತದೆ ಎಂದು ಡ್ರಾಯಿಂಗ್ ಹಿಡಿದು ಪಟ್ಟಿ ಮಾಡಿ. ಮೇನ್ ಒಂದೇ ಅಂದುಕೊಂಡ ಕಡೆ ಪಕ್ಕದ ಪ್ಯಾನೆಲ್‌ನಿಂದ ಇಂಟರ್‌ಲಾಕ್ (ಒಂದರ ಸ್ಥಿತಿ ನೋಡಿ ಇನ್ನೊಂದನ್ನು ತಡೆಯುವ ಏರ್ಪಾಡು) ವೈರ್, ಯುಪಿಎಸ್‌ನಿಂದ ಕಂಟ್ರೋಲ್ ಸಪ್ಲೈ ಬಂದಿರುತ್ತದೆ. ಮೇನ್ ತೆಗೆದರೂ ಜೀವಂತ ಉಳಿಯುವ ಇಂಥ ವೈರ್‌ಗಳಿಗೆ ಕಿತ್ತಳೆ ಬಣ್ಣ ಬಳಸುವ ರೂಢಿ ಇದೆ. ಕಿತ್ತಳೆ ಕಂಡರೆ ಕೈ ಹಿಂದೆ ತೆಗೆಯಿರಿ. ಗಾಳಿಯ ಒತ್ತಡ, ಹೈಡ್ರಾಲಿಕ್, ಎತ್ತಿ ನಿಲ್ಲಿಸಿದ ಭಾರ ಇವೂ ಪಟ್ಟಿಗೆ ಸೇರಲಿ.

2. ಯಂತ್ರ ನಡೆಸುವವರಿಗೆ ತಿಳಿಸಿ, ಮಾಮೂಲಿ ಸ್ಟಾಪ್‌ನಿಂದ ನಿಲ್ಲಿಸಿ. ಲೋಡ್ ಬ್ರೇಕ್ ಸ್ವಿಚ್ ಇದ್ದರೂ ಲೋಡ್ ಇಳಿಸಿಯೇ ತೆಗೆಯುವುದು ಒಳ್ಳೆಯದು, ಕಾಂಟ್ಯಾಕ್ಟ್ ಬಾಳುತ್ತದೆ.

3. ಹ್ಯಾಂಡಲ್ ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು ನಿಂತು, ಒಂದೇ ಸಲ ಅಳುಕದೆ ಆಫ್‌ಗೆ ತಿರುಗಿಸಿ. ವೃತ್ತದ ಗುರುತು ಆಫ್, ನೆಟ್ಟಗೆರೆ ಆನ್.

4. ನಿಮ್ಮದೇ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ. ನಾಲ್ವರು ಕೆಲಸ ಮಾಡುವುದಾದರೆ ಹಲವು ತೂತಿನ ಹ್ಯಾಸ್ಪ್ ಹಾಕಿ ನಾಲ್ಕು ಬೀಗ. ‘ಅವರು ಹಾಕಿದ್ದಾರಲ್ಲ’ ಎಂದು ನಿಮ್ಮದನ್ನು ಬಿಡಬೇಡಿ, ಅವರ ಕೆಲಸ ಮುಗಿದಾಗ ಅವರು ತೆಗೆದುಕೊಂಡು ಹೋಗುತ್ತಾರೆ. ಟ್ಯಾಗ್‌ನಲ್ಲಿ ಹೆಸರು, ದಿನ, ಸಮಯ, ಕಾರಣ ಬರೆಯಿರಿ. ಬರೀ ಟ್ಯಾಗ್ ಬೀಗದ ಬದಲಿಯಲ್ಲ.

5. ಸ್ಟಾರ್ಟ್ ಬಟನ್ ಒತ್ತಿ ನೋಡಿ. ಯಂತ್ರ ಮಿಸುಕಬಾರದು. ಕಂಟ್ರೋಲನ್ನು ಮತ್ತೆ ಸ್ಟಾಪ್‌ಗೆ ತನ್ನಿ.

6. ಉಳಿದ ಶಕ್ತಿ ಇಳಿಯಲು ಬಿಡಿ. 415 ವೋಲ್ಟ್ ಡ್ರೈವ್‌ನ ಒಳಗಿನ ಕೆಪಾಸಿಟರ್‌ಗಳಲ್ಲಿ ಸುಮಾರು 587 ವೋಲ್ಟ್ ಡಿಸಿ ಇರುತ್ತದೆ. ಎಷ್ಟು ನಿಮಿಷ ಕಾಯಬೇಕೆಂದು ಡ್ರೈವ್ ಮೇಲೆಯೇ ಬರೆದಿದೆ. ಕಾದು, ಆಮೇಲೆ ಡಿಸಿ ಟರ್ಮಿನಲ್ ಅಳೆಯಿರಿ. ಮೋಟರ್ ಪಕ್ಕದಲ್ಲೇ ಪವರ್ ಫ್ಯಾಕ್ಟರ್ ಕೆಪಾಸಿಟರ್ ಇದ್ದರೆ ಅದು ಐಸೊಲೇಟರ್‌ನ ಈಚೆ, ಮೋಟರ್ ಇರುವ ಬದಿಯಲ್ಲಿ ಇರಬಹುದು. ಡಿಸ್ಚಾರ್ಜ್ ರೆಸಿಸ್ಟರ್ ಸರಿಯಿದ್ದರೆ 3 ನಿಮಿಷದಲ್ಲಿ 75 ವೋಲ್ಟ್‌ಗಿಂತ ಕೆಳಗಿಳಿಯಬೇಕು. ರೆಸಿಸ್ಟರ್ ಸುಟ್ಟುಹೋಗಿರಬಹುದು, ಅಳೆಯದೆ ಮುಟ್ಟಬೇಡಿ. ಗಾಳಿಗೆ ತಿರುಗುತ್ತಿರುವ ಫ್ಯಾನ್, ಹಿಮ್ಮುಖ ನೀರಿಗೆ ತಿರುಗುತ್ತಿರುವ ಪಂಪ್‌ಗಳಲ್ಲಿ ಪರ್ಮನೆಂಟ್ ಮ್ಯಾಗ್ನೆಟ್ ಮೋಟರ್ ಇದ್ದರೆ ಅದೇ ಜನರೇಟರ್ ಆಗಿ ವೋಲ್ಟೇಜ್ ಕೊಡುತ್ತದೆ. ಶಾಫ್ಟ್ ಕಟ್ಟಿ ನಿಲ್ಲಿಸಿ.

7. ಕರೆಂಟ್ ಇಲ್ಲವೆಂದು ಸಾಬೀತು ಮಾಡಿ. ಎರಡು ಪ್ರೋಬ್‌ನ ವೋಲ್ಟೇಜ್ ಟೆಸ್ಟರನ್ನು ಮೊದಲು ಕರೆಂಟ್ ಇದೆಯೆಂದು ಗೊತ್ತಿರುವ ಕಡೆ ಹಿಡಿದು ಪರೀಕ್ಷಿಸಿ. ನಂತರ ಕೆಲಸದ ಜಾಗದಲ್ಲಿ ಅಳೆಯಿರಿ: ಫೇಸ್‌ನಿಂದ ಫೇಸ್‌ಗೆ ಮೂರು, ಫೇಸ್‌ನಿಂದ ನ್ಯೂಟ್ರಲ್‌ಗೆ ಮೂರು, ಫೇಸ್‌ನಿಂದ ಅರ್ಥ್‌ಗೆ ಮೂರು, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು, ಒಟ್ಟು ಹತ್ತು. ಮತ್ತೆ ಕರೆಂಟ್ ಇರುವ ಕಡೆ ಹಿಡಿದು, ಟೆಸ್ಟರ್ ನಡುವೆ ಕೆಟ್ಟಿಲ್ಲ ಎಂದು ಖಚಿತಪಡಿಸಿ. ಮುಟ್ಟದೆ ಮಿನುಗುವ ಪೆನ್ ಟೆಸ್ಟರ್ ಈ ಕೆಲಸಕ್ಕೆ ಬಾರದು.

ಮೇನ್ ಐಸೊಲೇಟರ್ ಆಫ್ ಆದರೂ ಅದರ ಒಳಬರುವ ಟರ್ಮಿನಲ್‌ಗಳು ಜೀವಂತವೇ. ಅವುಗಳ ಮೇಲಿನ ಪಾರದರ್ಶಕ ಮುಚ್ಚಳ ತೆಗೆದು ಎಸೆಯದಿರಿ. ಐಸೊಲೇಟರನ್ನೇ ಬದಲಿಸುವುದಿದ್ದರೆ ಬೀಗ ಅದರ ಹಿಂದಿನ ಫೀಡರ್‌ಗೆ ಬೀಳಬೇಕು.

ಹೈ ವೋಲ್ಟೇಜ್ ಯಾರ್ಡಿನಲ್ಲಿ

11 ಕಿಲೋವೋಲ್ಟ್, 33 ಕಿಲೋವೋಲ್ಟ್ ಯಾರ್ಡಿನ ಐಸೊಲೇಟರ್‌ಗಳು ಬಹುತೇಕ ಲೋಡ್ ಇಲ್ಲದಾಗ ತೆಗೆಯುವಂಥವು. ಮೊದಲು ಬ್ರೇಕರ್, ಆಮೇಲೆ ಅದರ ಎರಡೂ ಬದಿಯ ಐಸೊಲೇಟರ್, ವೋಲ್ಟೇಜ್ ಇಲ್ಲವೆಂದು ಪರೀಕ್ಷಿಸಿದ ಮೇಲೆ ಅರ್ಥ್ ಸ್ವಿಚ್. ಹಾಕುವಾಗ ಇದರ ಹಿಮ್ಮುಖ: ಅರ್ಥ್ ಬಿಡಿಸಿ, ಐಸೊಲೇಟರ್ ಹಾಕಿ, ಕೊನೆಗೆ ಬ್ರೇಕರ್. ಈ ಕ್ರಮ ತಪ್ಪದಿರಲೆಂದೇ ಕೀಲಿಯ ಇಂಟರ್‌ಲಾಕ್ ಇರುತ್ತದೆ: ಬ್ರೇಕರ್ ತೆಗೆದರಷ್ಟೇ ಐಸೊಲೇಟರ್‌ನ ಕೀಲಿ ಕೈಗೆ ಬರುತ್ತದೆ. ಅವಸರಕ್ಕೆಂದು ನಕಲಿ ಕೀಲಿ ಇಟ್ಟುಕೊಂಡರೆ ಇಂಟರ್‌ಲಾಕ್ ಇದ್ದೂ ಇಲ್ಲದಂತೆ. ಮೂರೂ ಬ್ಲೇಡ್‌ಗಳು ಪೂರ್ತಿ ತೆರೆದಿವೆಯೇ ಎಂದು ಒಂದೊಂದನ್ನೂ ಕಣ್ಣಾರೆ ನೋಡಿ. ಕೊಂಡಿ ಮುರಿದು ಒಂದು ಫೇಸ್ ಹಾಗೇ ಉಳಿಯುವುದುಂಟು.

ಏನು ಕೆಡುತ್ತದೆ, ಹೇಗೆ ಗೊತ್ತಾಗುತ್ತದೆ

ಹೆಚ್ಚಿನ ಐಸೊಲೇಟರ್‌ಗಳು ಸುಡುವುದು ಟರ್ಮಿನಲ್‌ನಲ್ಲಿ. ಲೋಡ್ ಇರುವಾಗ ಥರ್ಮಲ್ ಕ್ಯಾಮೆರಾದಲ್ಲಿ ಮೂರೂ ಫೇಸ್ ಹೋಲಿಸಿ. ಕರೆಂಟ್ ಒಂದೇ ಇದ್ದೂ ಒಂದು ಫೇಸ್ ಉಳಿದವಕ್ಕಿಂತ 15 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಿದ್ದರೆ ಮುಂದಿನ ಶಟ್‌ಡೌನ್ ತನಕ ಕಾಯಬೇಡಿ. ಬಿಸಿ ವೈರ್‌ನ ತುದಿಯಲ್ಲಿದ್ದರೆ ಸ್ಕ್ರೂ ಅಥವಾ ಕ್ರಿಂಪ್ ಸಡಿಲ, ಸ್ವಿಚ್‌ನ ನಡುಭಾಗದಲ್ಲಿದ್ದರೆ ಕಾಂಟ್ಯಾಕ್ಟ್ ಸವೆದಿದೆ. ಕ್ಯಾಮೆರಾ ಇಲ್ಲದಿದ್ದರೆ ವೈರ್‌ನ ಇನ್ಸುಲೇಷನ್ ನೋಡಿ. ಟರ್ಮಿನಲ್ ಪಕ್ಕದ ಎರಡು ಬೆರಳಗಲ ಕಂದಿ, ಗಡುಸಾಗಿ, ಬಗ್ಗಿಸಿದರೆ ಬಿರಿಯುತ್ತದೆ. ಅಂಥ ವೈರನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ ಹೊಸ ಲಗ್ ಹಾಕಬೇಕು. ಕಪ್ಪಾದ ತುದಿಯನ್ನು ಮತ್ತೆ ಬಿಗಿದರೆ ಮತ್ತೆ ಸುಡುತ್ತದೆ.

ವರ್ಷಗಟ್ಟಲೆ ಮುಟ್ಟದ ಸ್ವಿಚ್ ಬೇಕಾದ ದಿನ ತಿರುಗುವುದಿಲ್ಲ. ಗ್ರೀಸ್ ಗಟ್ಟಿಯಾಗಿ ಸ್ಪ್ರಿಂಗ್ ನಿಧಾನವಾಗಿರುತ್ತದೆ. ಆರು ತಿಂಗಳಿಗೊಮ್ಮೆ ಲೋಡ್ ಇಳಿಸಿ ಐದಾರು ಸಲ ತೆಗೆದು ಹಾಕಿ. ಉಜ್ಜಾಟಕ್ಕೆ ಕಾಂಟ್ಯಾಕ್ಟ್ ಮೇಲಿನ ಪದರವೂ ಕಳಚುತ್ತದೆ. ‘ಟಪ್’ ಸದ್ದು ಮಂದವಾಗಿದ್ದರೆ, ಹ್ಯಾಂಡಲ್ ನಡುವೆ ಎಲ್ಲೋ ನಿಲ್ಲುತ್ತಿದ್ದರೆ ಆ ಸ್ವಿಚ್‌ನ ಕಾಲ ಮುಗಿಯಿತು. ತಯಾರಕರು ಹೇಳದ ಎಣ್ಣೆ, ಸ್ಪ್ರೇ ಹೊಡೆಯಬೇಡಿ. ಧೂಳು ಅಂಟಿ ಫೇಸ್‌ಗಳ ನಡುವೆ ದಾರಿಯಾಗುತ್ತದೆ.

ಶಾರ್ಟ್ ಸರ್ಕ್ಯೂಟ್ ಹಾದುಹೋದ ಸ್ವಿಚ್ಚನ್ನು ಹೊರಗಿಂದ ಚೆನ್ನಾಗಿದೆಯೆಂದು ಬಿಡಬಾರದು. ಬೀಗ ಹಾಕಿ, ಪ್ರತಿ ಪೋಲ್‌ನ ಕಂಟಿನ್ಯುಟಿ, ಮೆಗ್ಗರ್ ಎರಡೂ ನೋಡಿ. ಒಳಗೆ ಮಸಿ, ಕರಗಿದ ಪ್ಲಾಸ್ಟಿಕ್, ಒಂದಕ್ಕೊಂದು ಅಂಟಿದ ಕಾಂಟ್ಯಾಕ್ಟ್ ಯಾವುದು ಕಂಡರೂ ಸ್ವಿಚ್ ಪೂರ್ತಿ ಬದಲಿಸಿ. ಮರಳು ಕಾಗದದಿಂದ ತಿಕ್ಕಿದರೆ ಕಾಂಟ್ಯಾಕ್ಟ್ ಮೇಲಿನ ಬೆಳ್ಳಿಯ ಪದರ ಹೋಗಿ ಕೆಳಗಿನ ತಾಮ್ರ ಹೊರಬೀಳುತ್ತದೆ, ಅದು ಬೇಗ ಆಕ್ಸೈಡ್ ಹಿಡಿದು ಮೊದಲಿಗಿಂತ ಹೆಚ್ಚು ಕಾಯುತ್ತದೆ. ಹೊಸದನ್ನು ಹಾಕುವಾಗ ಹಳೆಯದರ ಆಂಪಿಯರ್ ಮಾತ್ರ ನೋಡಿ ಅದೇ ತರಿಸದೆ, ಅದರ ವರ್ಗವನ್ನೂ ಹಿಂದಿನ ಫ್ಯೂಸನ್ನೂ ಇನ್ನೊಮ್ಮೆ ಲೆಕ್ಕ ಹಾಕಿ.